ಬೇರು ಹಲವು, ಋಣ ಯಾರದು? ಕಲಬುರಗಿಯಲ್ಲಿ ಕೂತು ಜಾಝ್ ಕೇಳುವಾಗ

ಜಾಝ್ ಪ್ರಿಯರು ನಾಲ್ಕು ಜನ ಒಂದೆಡೆ ಕೂತರೆ ಮೊದಲು ಆಲ್ಬಂಗಳ ಮಾತು ಬರುತ್ತದೆ. ಒಬ್ಬರು ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಚ್ಚುತ್ತಾರೆ. ಇನ್ನೊಬ್ಬರಿಗೆ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ ಬೇಕು. ಹಳೆಯದರ ಮೇಲೆ ಮೋಹವಿದ್ದವರು ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ನುಡಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಕೇಳಿಸದೆ ಬಿಡುವುದಿಲ್ಲ. ಅರ್ಧ ತಾಸು ಕಳೆಯುವಷ್ಟರಲ್ಲಿ ಮಾತು ಹೊರಳುತ್ತದೆ. ಈ ಸಂಗೀತ ಹುಟ್ಟಿದ್ದೆಲ್ಲಿ? ಇದು ಯಾರದು? ಆಫ್ರಿಕಾದ ಲಯದಿಂದ ಬಂತು ಎಂದು ಒಬ್ಬರ ಪಟ್ಟು. ತುತ್ತೂರಿ, ಕ್ಲಾರಿನೆಟ್ಟು, ಪಿಯಾನೊ ಎಲ್ಲ ಯುರೋಪಿನವೇ ಅಲ್ಲವೇ ಎಂದು ಇನ್ನೊಬ್ಬರ ಪ್ರಶ್ನೆ. ‘ಸಂಗೀತಕ್ಕ ಯಾವ ಊರು, ಯಾವ ಜಾತಿರೀ? ಸುಮ್ನೆ ಕೇಳೂಣು’ ಎಂದು ಮೂರನೆಯವರ ರಾಜಿ.

ಮೂರನೆಯ ಮಾತು ಕೇಳಲು ಹಿತವಾಗಿದೆ, ಸಭೆಯೂ ತಣ್ಣಗಾಗುತ್ತದೆ. ಆದರೂ ಅದನ್ನು ಒಪ್ಪಬಾರದು ಎಂದು ನನಗೆ ಅನ್ನಿಸುತ್ತದೆ. ಒಂದು ಸಂಗೀತಕ್ಕೆ ಬೇರುಗಳು ಹಲವು ಇರಬಹುದು, ಜಾಝ್‌ಗಂತೂ ಇವೆ. ಬೇರುಗಳು ಹಲವು ಎಂದ ಮಾತ್ರಕ್ಕೆ ಎಲ್ಲರ ಋಣವೂ ಸಮನಾಗುವುದಿಲ್ಲ. ಯಾರ ಬೆವರಿನಿಂದ, ಯಾರ ನೋವಿನಿಂದ ಒಂದು ಕಲೆ ಎದ್ದು ನಿಂತಿತೋ ಅವರ ಹೆಸರು ಹೇಳಿಯೇ ಅದನ್ನು ಸವಿಯಬೇಕು. ಬೇರಿನ ಚರ್ಚೆಗೆ ಅರ್ಥ ಬರುವುದು ಆಗ.

ಈ ಚರ್ಚೆಗೆ ಕಲಬುರಗಿ ಹೊಸ ಊರಲ್ಲ. ಖ್ವಾಜಾ ಬಂದೇ ನವಾಜ್ ಗೇಸುದರಾಜ್ ಅವರು ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ದಿಲ್ಲಿ ಬಿಟ್ಟು ಹೊರಟವರು. ಫಿರೋಜ್ ಷಾ ಬಹಮನಿಯ ಆಳ್ವಿಕೆಯಲ್ಲಿ ಕಲಬುರಗಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಅವರದು ಚಿಶ್ತಿ ಪರಂಪರೆ. ಆ ಪರಂಪರೆಯಲ್ಲಿ ‘ಸಮಾ’, ಅಂದರೆ ಹಾಡು ಕೇಳುತ್ತ ಪರಮಾತ್ಮನಲ್ಲಿ ಲೀನವಾಗುವುದು, ಸಾಧನೆಯ ಒಂದು ದಾರಿ. ಸಂಗೀತ ಧರ್ಮಕ್ಕೆ ಒಪ್ಪಿತವೇ, ಅಲ್ಲವೇ ಎಂದು ಪಂಡಿತರು ಆಗ ಬಿಸಿಬಿಸಿಯಾಗಿ ವಾದಿಸುತ್ತಿದ್ದರು. ಪಾರ್ಸಿಯ ಘನತೆ ಬಲ್ಲ ಈ ಸಂತರಿಗೆ ಹಿಂದವಿ ಹಾಡುಗಳ ಮೃದುತ್ವದ ಮೇಲೆ ವಿಶೇಷ ಮಮತೆ. ಮನಸ್ಸನ್ನು ಕರಗಿಸುವ ಗುಣ ಅದರಲ್ಲಿ ಹೆಚ್ಚು ಎಂಬುದು ಅವರ ಅಭಿಪ್ರಾಯವಾಗಿತ್ತು. ಯಾವ ಹಾಡು ಯಾರದು, ಅದು ಎಲ್ಲಿಯ ನುಡಿ, ಅದನ್ನು ಯಾಕೆ ಕೇಳಬೇಕು ಎಂಬ ಪ್ರಶ್ನೆಗಳು ಈ ಊರಿಗೆ 600 ವರ್ಷ ಹಳೆಯವು. ಇಂದಿಗೂ ಉರುಸಿನಲ್ಲಿ ಕವ್ವಾಲರು ಕೂತಾಗ ಆ ಚರ್ಚೆಗೆ ಉತ್ತರ ಹಾಡಿನಲ್ಲೇ ಸಿಗುತ್ತದೆ.

ಭಾನುವಾರದ ಬಯಲು

ಜಾಝ್ ಕಥೆ ಸಾಮಾನ್ಯವಾಗಿ ಅಮೆರಿಕದ ದಕ್ಷಿಣದ ಬಂದರು ನಗರ ನ್ಯೂ ಆರ್ಲಿಯನ್ಸ್‌ನಿಂದ ಶುರುವಾಗುತ್ತದೆ. ಆ ಊರನ್ನು ಫ್ರೆಂಚರು ಕಟ್ಟಿದರು, ಸ್ಪೇನಿನವರು ಆಳಿದರು, 1803ರಲ್ಲಿ ಅಮೆರಿಕ ಕೊಂಡುಕೊಂಡಿತು. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು, ಕೆರಿಬಿಯನ್ ದ್ವೀಪಗಳಿಂದ ಬಂದವರು, ಫ್ರೆಂಚ್ ಮತ್ತು ಕರಿಯ ಮೂಲಗಳು ಬೆರೆತ ಕ್ರಿಯೋಲ್ ಮನೆತನಗಳು ಅಲ್ಲಿ ಅಕ್ಕಪಕ್ಕ ಬಾಳಿದವು. ಗುಲಾಮರಿಗೆ ಭಾನುವಾರ ಒಂದಿಷ್ಟು ಬಿಡುವು ಸಿಗುತ್ತಿತ್ತು. ಅವರು ಊರ ತುಂಬ ಸೇರಬಾರದು, ಒಂದೇ ಜಾಗದಲ್ಲಿ ಸೇರಬೇಕು ಎಂದು 1817ರಲ್ಲಿ ನಗರಾಡಳಿತ ಕಟ್ಟಳೆ ಮಾಡಿತು. ಆ ಬಯಲಿಗೆ ಮುಂದೆ ಕಾಂಗೊ ಸ್ಕ್ವೇರ್ ಎಂಬ ಹೆಸರು ನಿಂತಿತು. ವಾರವಿಡೀ ಮತ್ತೊಬ್ಬರ ಸ್ವತ್ತಾಗಿದ್ದವರು ಆ ಒಂದು ಮಧ್ಯಾಹ್ನ ತಮ್ಮ ಡೋಲು, ತಮ್ಮ ಹೆಜ್ಜೆ, ತಮ್ಮ ನುಡಿಯೊಂದಿಗೆ ಮನುಷ್ಯರಾಗಿ ಉಳಿದರು.

ಗುಲಾಮಗಿರಿ ಕೊನೆಗೊಂಡ ಮೇಲೆ ಊರಿನಲ್ಲಿ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳು ಬೆಳೆದವು. ಶವಯಾತ್ರೆಗೂ ಮೆರವಣಿಗೆಗೂ ಅವೇ. 1890ರ ದಶಕದಲ್ಲಿ ವರ್ಣಭೇದದ ಕಾನೂನುಗಳು ಬಿಗಿಯಾದಾಗ, ಸ್ವರಲಿಪಿ ಓದಿ ನುಡಿಸಲು ಕಲಿತಿದ್ದ ಕ್ರಿಯೋಲ್ ಕಲಾವಿದರನ್ನೂ ಸಮಾಜ ‘ಕರಿಯರ’ ಸಾಲಿಗೆ ತಳ್ಳಿತು. ಪುಸ್ತಕ ನೋಡಿ ನುಡಿಸುವವರು, ಕಿವಿಯಿಂದ ಕಲಿತು ನುಡಿಸುವವರು ಒಂದೇ ಬ್ಯಾಂಡಿನಲ್ಲಿ ನಿಲ್ಲಬೇಕಾಯಿತು. ಒಂದು ಅನ್ಯಾಯದ ಕಾನೂನು ಹೀಗೆ ಇಬ್ಬರನ್ನು ಒತ್ತಟ್ಟಿಗೆ ತಂದಿತು, ಇಬ್ಬರೂ ಸೇರಿ ಅದರೊಳಗಿಂದ ಹೊಸದೊಂದನ್ನು ಕಟ್ಟಿದರು. ಆ ಕಾಲದ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ ಅವರನ್ನು ಹಳಬರೆಲ್ಲ ಮೊದಲಿಗರೆಂದು ನೆನೆಯುತ್ತಿದ್ದರು. ಮನೋರೋಗಕ್ಕೆ ತುತ್ತಾಗಿ ಅವರು 1907ರಲ್ಲಿ ಆಸ್ಪತ್ರೆ ಸೇರಿದರು, 1931ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ನುಡಿಸಿದ್ದರ ಒಂದೇ ಒಂದು ಧ್ವನಿಮುದ್ರಿಕೆಯೂ ಉಳಿದಿಲ್ಲ.

ಬೇರಿನ ವಾದ ಕಹಿಯಾಗಲು ಕಾರಣ ಮುಂದಿನ ಘಟನೆಯಲ್ಲಿದೆ. 1917ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿ ಧ್ವನಿಮುದ್ರಿಸಿದ ತಟ್ಟೆಯನ್ನು ಜಗತ್ತಿನ ಮೊದಲ ಜಾಝ್ ರೆಕಾರ್ಡ್ ಎನ್ನುತ್ತಾರೆ. ಅದನ್ನು ನುಡಿಸಿದ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಝ್ ಬ್ಯಾಂಡ್’ನ ಐವರೂ ಬಿಳಿಯರು. ಅದರ ಮುಖಂಡ ನಿಕ್ ಲಾರೊಕಾ, ಈ ಸಂಗೀತದಲ್ಲಿ ಕರಿಯರ ಪಾಲೇ ಇಲ್ಲ ಎಂದು ಮುಂದೆ ಸಾಧಿಸುತ್ತ ಹೋದರು. ಕರಿಯ ಕಲಾವಿದ ಕಿಂಗ್ ಆಲಿವರ್ ಅವರ ಬ್ಯಾಂಡ್, ಅದರಲ್ಲಿ ಎರಡನೆಯ ಕಾರ್ನೆಟ್ ಹಿಡಿದ ತರುಣ ಲೂಯಿ ಆರ್ಮ್‌ಸ್ಟ್ರಾಂಗ್ ಜತೆಗೆ, ಮೊದಲ ಬಾರಿಗೆ ಧ್ವನಿಮುದ್ರಣ ಕೋಣೆ ಹೊಕ್ಕದ್ದು 1923ರಲ್ಲಿ. ಸಂಗೀತ ಕಟ್ಟಿದವರು ಒಬ್ಬರು, ತಟ್ಟೆಯ ಮೇಲೆ ಮೊದಲು ಹೆಸರು ಅಚ್ಚಾದದ್ದು ಇನ್ನೊಬ್ಬರದು. ‘ಎಲ್ಲರದೂ ಹೌದು ಬಿಡಿ’ ಎನ್ನುವವರು ಈ ಆರು ವರ್ಷಗಳ ಅಂತರವನ್ನು ಒಮ್ಮೆ ಧ್ಯಾನಿಸಬೇಕು.

ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ ಇನ್ನೊಂದು ತುದಿಗೆ ಹೋಗಿ, 1902ರಲ್ಲಿ ಜಾಝ್ ಹುಟ್ಟಿಸಿದವನೇ ತಾನು ಎಂದರು. ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಹುಟ್ಟಿಸುವಂಥದ್ದಲ್ಲ ಇದು. ಆದರೂ ಅವರ ಮಾತಿನಲ್ಲಿ ಒಂದು ದೊಡ್ಡ ಸತ್ಯವಿತ್ತು: ಜಾಝ್‌ನಲ್ಲಿ ಕ್ಯೂಬಾ, ಮೆಕ್ಸಿಕೊ ಕಡೆಯ ಸ್ಪ್ಯಾನಿಷ್ ಲಯದ ಛಾಯೆ ಬೇಕೇ ಬೇಕು ಎಂದು ಅವರು ಒತ್ತಿ ಹೇಳಿದರು. ಬೇರು ಒಂದೇ ಎಂದು ಹಟ ಹಿಡಿಯುವ ಎಲ್ಲ ಪಕ್ಷಗಳಿಗೂ ಅದು ಉತ್ತರ.

ನಮ್ಮ ಕಿವಿಗೆ ಇರುವ ದಾರಿ

ಜಾಝ್ ನಮಗೆ ಅರ್ಥವಾಗುವುದಿಲ್ಲ ಎಂದು ದೂರ ಇಡುವವರು ಬಹಳ. ಕಲ್ಯಾಣ ಕರ್ನಾಟಕದ ಕಿವಿಗೆ ಅದು ಅಷ್ಟೇನೂ ದೂರವಿಲ್ಲ. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಕಥೆ ಕನ್ನಡದಲ್ಲಿ ಬರುತ್ತದೆ, ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಮುಂದಾಳು ಒಂದು ಸಾಲು ಎತ್ತುತ್ತಾನೆ, ಮೇಳ ಅದನ್ನು ಹಿಡಿದು ತಿರುಗಿ ಕೊಡುತ್ತದೆ. ಅಮೆರಿಕದ ಹತ್ತಿ ಹೊಲಗಳಲ್ಲಿ, ಕರಿಯರ ಚರ್ಚುಗಳಲ್ಲಿ ಬೆಳೆದ ಹಾಡಿನ ಅಸ್ತಿಭಾರವೂ ಇಂಥ ಕೂಗು ಮತ್ತು ಮಾರುತ್ತರ. ಅಲ್ಲಿಂದ ಬಂದ ಬ್ಲೂಸ್ ಹಾಡಿನ ಕಟ್ಟು ಸರಳ: ನಾಲ್ಕು ನಾಲ್ಕು ಮಾತ್ರೆಗಳ 12 ಘಟಕ, ಒಟ್ಟು 48 ಮಾತ್ರೆಗಳ ಒಂದು ಆವರ್ತ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಪ್ರತಿ ಸಾಲಿನ ಕೊನೆಗೆ ಉಳಿಯುವ ಜಾಗದಲ್ಲಿ ಗಿಟಾರೋ ಕಾರ್ನೆಟ್ಟೋ ಮಾತಾಡುತ್ತದೆ. ತಾಳದ ಆವರ್ತ ಎಣಿಸುತ್ತ ಬೆಳೆದವರಿಗೆ ಇದು ಹತ್ತು ನಿಮಿಷದ ಪಾಠ.

ಬ್ಲೂಸ್‌ನ ಕಣ್ಣೀರು ಇರುವುದು ಅದರ ಗಾಂಧಾರ, ನಿಷಾದಗಳಲ್ಲಿ. ಕೋಮಲವೂ ಅಲ್ಲದ, ಶುದ್ಧವೂ ಅಲ್ಲದ ನಡುವಿನ ಸ್ಥಾನದಲ್ಲಿ ಸ್ವರ ನಿಲ್ಲುತ್ತದೆ, ಅಥವಾ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಪಿಯಾನೊದ ಮನೆಗಳಲ್ಲಿ ಆ ಸ್ವರ ಸಿಗುವುದಿಲ್ಲ. ಗಂಟಲು, ಗಿಟಾರಿನ ತಂತಿ, ತುತ್ತೂರಿಯ ಉಸಿರು ಮಾತ್ರ ಅದನ್ನು ಮುಟ್ಟಬಲ್ಲವು. ಶ್ರುತಿಭೇದ, ಮೀಂಡು ಬಲ್ಲ ಹಿಂದೂಸ್ತಾನಿ ಕೇಳುಗರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಬೇರೆಯಾಗಿರುವುದು ಒತ್ತು ಬೀಳುವ ಜಾಗ. ನಮ್ಮ ಭಜನೆಯ ತಾಳ ಸಮ್‌ಗೆ ಗಟ್ಟಿಯಾಗಿ ಬೀಳುತ್ತದೆ. ಜಾಝ್ ಕೇಳುವವರು ನಾಲ್ಕರ ಎಣಿಕೆಯಲ್ಲಿ ಎರಡು ಮತ್ತು ನಾಲ್ಕಕ್ಕೆ ಚಪ್ಪಾಳೆ ಹಾಕುತ್ತಾರೆ. ಮಾತ್ರೆಯೊಳಗಿನ ಎರಡು ಭಾಗಗಳೂ ಸಮನಾಗಿರದೆ ಮೊದಲನೆಯದು ತುಸು ಉದ್ದ, ಎರಡನೆಯದು ತುಸು ಗಿಡ್ಡ ಆಗುತ್ತದೆ. ಅದೇ ಸ್ವಿಂಗ್. ನಡೆಯುವವನ ಹೆಜ್ಜೆಯಲ್ಲಿ ಕುಣಿತ ಸೇರಿಕೊಳ್ಳುವುದು ಅಲ್ಲಿ.

ಹೊಸಬರಿಗೆ ಮೊದಲು ಯಾವ ಆಲ್ಬಂ ಹಚ್ಚಬೇಕು ಎಂದು ಕೇಳಿದರೆ ನಾನು ‘ಕೈಂಡ್ ಆಫ್ ಬ್ಲೂ’ ಎನ್ನುತ್ತೇನೆ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳಲ್ಲಿ ಧ್ವನಿಮುದ್ರಣವಾದ ಆಲ್ಬಂ ಅದು. ಅದಕ್ಕೂ ಮೊದಲಿನ ಜಾಝ್‌ನಲ್ಲಿ ಸ್ವರಗುಚ್ಛಗಳು ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದವು, ಮನೋಧರ್ಮದಿಂದ ನುಡಿಸುವವರು ಅವುಗಳ ಹಿಂದೆ ಓಡಬೇಕಿತ್ತು. ಮೈಲ್ಸ್ ಡೇವಿಸ್ ಆ ಓಟ ನಿಲ್ಲಿಸಿ, ಒಂದೇ ಸ್ವರಶ್ರೇಣಿಯ ಮೇಲೆ ಸಾವಧಾನವಾಗಿ ವಿಹರಿಸುವ ಜಾಗ ಮಾಡಿಕೊಟ್ಟರು. ಅದರ ಮೊದಲ ಕೃತಿ ‘ಸೋ ವಾಟ್’ ನಿಂತಿರುವ ಶ್ರೇಣಿ ನಮ್ಮ ಕಾಫಿ ಥಾಟಿನದೇ: ಗಾಂಧಾರ, ನಿಷಾದ ಕೋಮಲ, ಉಳಿದವು ಶುದ್ಧ. ಎಂಟೆಂಟು ಘಟಕಗಳ ನಾಲ್ಕು ಭಾಗಗಳಲ್ಲಿ ಮೂರನೆಯದು ಬಂದಾಗ ಇಡೀ ಶ್ರೇಣಿ, ಷಡ್ಜದ ಸಮೇತ, ಅರ್ಧ ಸ್ವರ ಮೇಲಕ್ಕೆ ಸರಿಯುತ್ತದೆ. ನಾಲ್ಕನೆಯದರಲ್ಲಿ ಮತ್ತೆ ಮನೆಗೆ ಬರುತ್ತದೆ. ತಂಬೂರಿಯ ಆಧಾರ ಷಡ್ಜಕ್ಕೆ ಒಗ್ಗಿದ ಕಿವಿ ಆ ಕ್ಷಣ ಬೆಚ್ಚುತ್ತದೆ, ಆಮೇಲೆ ಆ ಬೆಚ್ಚುವಿಕೆಗೇ ಕಾಯತೊಡಗುತ್ತದೆ.

ಕಲಾವಿದರು ಸರದಿಯ ಮೇಲೆ ನುಡಿಸಿ ಒಬ್ಬರಿಗೊಬ್ಬರು ಸವಾಲು ಹಾಕುವ ಜಾಮ್ ಸೆಷನ್ ಕೂಡ ನಮಗೆ ಪರಕೀಯವಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ–ನಾಗೇಶಿ ಪಕ್ಷಗಳು ಇಡೀ ರಾತ್ರಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಪದಗಳಲ್ಲೇ ವಾದ ಹೂಡುತ್ತವೆ. ಎದುರಾಳಿಯ ಪದ ಪೂರ್ತಿ ಕೇಳಿಸಿಕೊಳ್ಳದವನು ಉತ್ತರ ಕಟ್ಟಲಾರ. ಜಾಝ್ ವೇದಿಕೆಯ ನಿಯಮವೂ ಅದೇ, ಅಲ್ಲಿ ಕೇಳುವುದೇ ನುಡಿಸುವುದರ ಅರ್ಧ ಭಾಗ.

ಕಮಲಾಪುರದ ಕೆಂಪು ಬಾಳೆ

ಮೂಲ ಎಲ್ಲಿಯದೋ ಇದ್ದರೂ ಒಂದು ವಸ್ತು ಒಂದು ಊರಿನದು ಹೇಗೆ ಆಗುತ್ತದೆ ಎಂಬುದಕ್ಕೆ ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಕಮಲಾಪುರಕ್ಕೆ ಹೋದರೆ ಸಾಕ್ಷಿ ಸಿಗುತ್ತದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಾಳೆ ಎಂಬ ಬೆಳೆಯ ತವರು ಆಗ್ನೇಯ ಏಷ್ಯಾ ಮತ್ತು ನ್ಯೂಗಿನಿ ಭಾಗ. ಕೆಂಪು ಬಾಳೆ ಕೇರಳ, ತಮಿಳುನಾಡುಗಳಲ್ಲೂ ಇದೆ, ಕೆರಿಬಿಯನ್ ದ್ವೀಪಗಳಲ್ಲೂ ಇದೆ. ಆದರೂ ‘ಕಮಲಾಪುರದ ಕೆಂಪು ಬಾಳೆ’ ಎಂದು ಹೇಳುವ ಹಕ್ಕು ಕಮಲಾಪುರದ ಸೀಮೆಗೆ ಸಿಕ್ಕಿದೆ. ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಕಾದು, ಹೆಚ್ಚು ಜೋಪಾನ ಮಾಡಿ, ಆ ಮಣ್ಣಿನಲ್ಲಿ ತಲೆಮಾರುಗಟ್ಟಲೆ ಅದನ್ನು ಬೆಳೆಸಿದ ರೈತರ ದುಡಿಮೆಗೆ ಸಂದ ಮನ್ನಣೆ ಅದು.

ಜಾಝ್ ವಿಷಯಕ್ಕೆ ಈ ನ್ಯಾಯ ಪೂರಾ ಹೊಂದುತ್ತದೆ. ಸ್ಯಾಕ್ಸೊಫೋನಿಗೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್ ಬೆಲ್ಜಿಯಂನವರು. ಸ್ವರಗುಚ್ಛದ ವ್ಯಾಕರಣ ಯುರೋಪಿನದು. ಲಯದ ಮೂಲ ಪಶ್ಚಿಮ ಆಫ್ರಿಕಾದ್ದು. ಹಾಗಿದ್ದೂ ಜಾಝ್ ಆಫ್ರಿಕನ್ ಅಮೆರಿಕನ್ನರ ಸಂಗೀತ, ಯಾಕೆಂದರೆ ಈ ಬೀಜಗಳನ್ನೆಲ್ಲ ಒಂದು ಬೆಳೆಯಾಗಿ ಎತ್ತಿದ ದುಡಿಮೆ ಅವರದು. ಈಗ ಯಾರು ಬೇಕಾದರೂ ಅದನ್ನು ನುಡಿಸಬಹುದು. ನುಡಿಸುವವರೆಲ್ಲ ಆ ದುಡಿಮೆಗೆ ಋಣಿಗಳು. ಭೌಗೋಳಿಕ ಗುರುತು ಹಣ್ಣಿಗೆ ಉಂಟು, ಹಾಡಿಗೆ ಅಂಥ ಕಾಯಿದೆ ಇಲ್ಲ. ಅದಕ್ಕೇ ಹಾಡಿನ ಲೆಕ್ಕವನ್ನು ಕೇಳುಗರು ನೆನಪಿನಲ್ಲಿ ಇಡಬೇಕಾಗುತ್ತದೆ.

ಮುಂಬೈಯಿಂದ ಬಂದ ನಾದ

ಭಾರತಕ್ಕೆ ಜಾಝ್ ಬಂದದ್ದೂ ವರ್ಣಭೇದದ ಕಥೆಯ ಒಂದು ಕೊಂಡಿ. 1935ರಲ್ಲಿ ಲಿಯಾನ್ ಅಬ್ಬೆ ಎಂಬ ಆಫ್ರಿಕನ್ ಅಮೆರಿಕನ್ ಪಿಟೀಲು ವಾದಕ ತಮ್ಮ ಬ್ಯಾಂಡಿನೊಂದಿಗೆ ಮುಂಬೈಯ ತಾಜ್ ಮಹಲ್ ಹೋಟೆಲಿಗೆ ಬಂದರು. ತಮ್ಮ ದೇಶದಲ್ಲಿ ಸಿಗದ ಗೌರವ ಹೊರದೇಶಗಳಲ್ಲಿ ಸಿಕ್ಕಿದ್ದಕ್ಕೆ ಇಂಥ ಹಲವರು ಊರೂರು ಅಲೆದರು. ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಇಲ್ಲಿಯೇ ಉಳಿದು, 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ಅವರಿಂದ ಈ ಸಂಗೀತ ಹಿಡಿದವರು ಗೋವಾದ ಕಲಾವಿದರು, ಚರ್ಚ್ ಶಾಲೆಗಳಲ್ಲಿ ಸ್ವರಲಿಪಿ ಕಲಿತವರು. ರಾತ್ರಿ ಹೋಟೆಲಿನಲ್ಲಿ ಜಾಝ್, ಹಗಲು ಹಿಂದಿ ಸಿನಿಮಾ ಸ್ಟುಡಿಯೊದಲ್ಲಿ ವಾದ್ಯಗೋಷ್ಠಿ. ಚಿಕ್ ಚಾಕೊಲೇಟ್, ಆಂಥನಿ ಗೊನ್ಸಾಲ್ವಿಸ್, ಫ್ರಾಂಕ್ ಫರ್ನಾಂಡ್ ಅಂಥವರ ಕೈಚಳಕ ದೇಶದ ಮನೆಮನೆಯ ರೇಡಿಯೊದಲ್ಲಿ ಮೊಳಗಿತು. ಸಿನಿಮಾದ ಪರದೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು ಬಂತು, ವಾದ್ಯವೃಂದ ಹೊಂದಿಸಿದ ಇವರಲ್ಲಿ ಬಹುಪಾಲು ಜನರ ಹೆಸರು ಬರಲಿಲ್ಲ. ಕನ್ನಡದಲ್ಲೂ ಜಿ.ಕೆ. ವೆಂಕಟೇಶ್ ಸಂಗೀತದ ‘ಜೇಡರ ಬಲೆ’ (1968) ಅಂಥ ಚಿತ್ರಗಳ ಹಾಡು ಕೇಳುತ್ತ ಬೆಳೆದವರ ಕಿವಿಯಲ್ಲಿ ಜಾಝ್ ಛಾಯೆ ಆಗಲೇ ಮನೆ ಮಾಡಿದೆ.

ಕಲಬುರಗಿ ಇರುವುದು ಮುಂಬೈ–ಮದ್ರಾಸ್ ರೈಲು ದಾರಿಯ ಮೇಲೆ. 1871ರಲ್ಲಿ ರಾಯಚೂರಿನಲ್ಲಿ ಎರಡೂ ಕಡೆಯ ಹಳಿಗಳು ಕೂಡಿದಂದಿನಿಂದ ಮುಂಬೈಯ ನಾಟಕ, ಸಿನಿಮಾ, ಗ್ರಾಮಫೋನ್ ತಟ್ಟೆಗಳಿಗೆ ಇಲ್ಲಿ ನೇರ ದಾರಿಯಾಯಿತು. ಹೊರಗಿನಿಂದ ಬಂದದ್ದು ನಮ್ಮದಾಗುವ ಬಗೆಗೆ ಹಾರ್ಮೋನಿಯಂಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಫ್ರಾನ್ಸಿನಲ್ಲಿ ರೂಪುಗೊಂಡು, ಕಲ್ಕತ್ತೆಯಲ್ಲಿ ಕೈಯಿಂದ ತಿದಿ ಒತ್ತುವ ಪೆಟ್ಟಿಗೆಯಾಗಿ ಬದಲಾದ ವಾದ್ಯ ಅದು. ವಿದೇಶಿ, ಮೀಂಡು ಬಾರದ್ದು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದಕ್ಕೆ ನಿಷೇಧ ಹಾಕಿತು, 1971ರ ತನಕ ಅದು ತೆರವಾಗಲಿಲ್ಲ. 1966ರಲ್ಲಿ ಕಲಬುರಗಿಯ ಬಾನುಲಿ ಕೇಂದ್ರ ಶುರುವಾದಾಗಲೂ ಆ ನಿಷೇಧ ಇತ್ತು. ಅದೇ ಹೊತ್ತಿಗೆ ನಮ್ಮ ಹಳ್ಳಿಗಳ ಭಜನಾ ಮಂಡಳಿಗಳಲ್ಲಿ ಪೇಟಿ ಇಲ್ಲದೆ ಪದವೇ ಇರಲಿಲ್ಲ. ಬೇರು ನೋಡಿ ಬಾಗಿಲು ಹಾಕಿದ ಕಚೇರಿಗಿಂತ, ಬಂದದ್ದನ್ನು ಪದಕ್ಕೆ ಒಗ್ಗಿಸಿಕೊಂಡ ಮಂಡಳಿಯ ತಿಳಿವಳಿಕೆ ದೊಡ್ಡದಾಗಿತ್ತು.

ಅಮೆರಿಕ ಸರ್ಕಾರವೇ ಜಾಝ್ ಕಲಾವಿದರನ್ನು ರಾಯಭಾರಿಗಳಾಗಿ ಕಳಿಸಿದ ಕಾಲವೂ ಬಂತು. ಡೇವ್ ಬ್ರೂಬೆಕ್ 1958ರಲ್ಲಿ, ಡ್ಯೂಕ್ ಎಲಿಂಗ್ಟನ್ 1963ರಲ್ಲಿ ಭಾರತ ಸುತ್ತಿದರು. ಎಲಿಂಗ್ಟನ್ ಅವರ ‘ಫಾರ್ ಈಸ್ಟ್ ಸೂಟ್’ (1967) ಆ ಪ್ರವಾಸದ ಫಲ. ಅವರು ಪೂರ್ವದ ದೇಶಗಳಲ್ಲಿ ಅಮೆರಿಕದ ಸ್ವಾತಂತ್ರ್ಯವನ್ನು ಸಾರುತ್ತಿದ್ದ 1963ರ ಸೆಪ್ಟೆಂಬರ್‌ನಲ್ಲೇ ಅಲಬಾಮಾದ ಚರ್ಚೊಂದರಲ್ಲಿ ಬಿಳಿಯ ಮತಾಂಧರ ಬಾಂಬಿಗೆ ನಾಲ್ವರು ಕರಿಯ ಬಾಲಕಿಯರು ಬಲಿಯಾದರು. ಎರಡು ತಿಂಗಳಲ್ಲಿ ಕೋಲ್ಟ್ರೇನ್ ‘ಅಲಬಾಮಾ’ ನುಡಿಸಿದರು. ಮಾತಿಲ್ಲದ ಆ ಐದು ನಿಮಿಷಗಳನ್ನು ಕೇಳಿದ ಮೇಲೆ ಸಂಗೀತಕ್ಕೆ ಊರಿಲ್ಲ, ಜಾತಿಯಿಲ್ಲ ಎಂದು ಹಗುರವಾಗಿ ಹೇಳಲು ನಾಲಿಗೆ ಏಳುವುದಿಲ್ಲ.

ಕನ್ನಡದ ಉಸಿರು, ಬೆಲ್ಜಿಯಂನ ಕೊಳವೆ

ಜಾಝ್ ಮತ್ತು ಕರ್ನಾಟಕದ ನಂಟಿನಲ್ಲಿ ಮೊದಲು ಹೇಳಬೇಕಾದ ಹೆಸರು ಕದ್ರಿ ಗೋಪಾಲನಾಥ್. ದಕ್ಷಿಣ ಕನ್ನಡದ ನಾಗಸ್ವರ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು. ಕೀಲಿಗಳ ಆ ಕೊಳವೆಯಲ್ಲಿ ಗಮಕ ಹೊರಡಿಸುವುದು ಸುಲಭದ ಮಾತಾಗಿರಲಿಲ್ಲ. ವಾದ್ಯದ ಕೀಲಿಗಳನ್ನು ಮಾರ್ಪಡಿಸಿ, ತುಟಿ ಮತ್ತು ಉಸಿರಿನ ಒತ್ತಡದಲ್ಲಿ ಸ್ವರ ಜಾರಿಸುವುದನ್ನು ವರ್ಷಗಟ್ಟಲೆ ಸಾಧಿಸಿದರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ವೇದಿಕೆ ಹಂಚಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಅವರು 2019ರ ಅಕ್ಟೋಬರ್ 11ರಂದು ತೀರಿಕೊಳ್ಳುವ ಹೊತ್ತಿಗೆ, ಕರಾವಳಿಯ ಮದುವೆ ಮನೆ, ಗುಡಿಗಳಲ್ಲಿ ಸ್ಯಾಕ್ಸೊಫೋನ್ ಮಂಗಳವಾದ್ಯವೇ ಆಗಿಹೋಗಿತ್ತು.

ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇನ್ನೊಂದು ಸೇತುವೆ. ಚಾರ್ಲ್ಸ್ ಮಿಂಗಸ್ ಅಂಥ ದಿಗ್ಗಜರ ಜತೆ ನುಡಿಸಿದ್ದ ಚಾರ್ಲಿ ಮಾರಿಯಾನೊ ಇವರೊಂದಿಗೆ ಸೇರಿ 1983ರಲ್ಲಿ ‘ಜ್ಯೋತಿ’ ಆಲ್ಬಂ ಮಾಡಿದರು. ಆರ್.ಎ. ರಮಾಮಣಿ ಅವರ ಕಂಠ ಮತ್ತು ಮಾರಿಯಾನೊ ಅವರ ಸ್ಯಾಕ್ಸೊಫೋನ್ ಒಂದನ್ನೊಂದು ಕೇಳಿಸಿಕೊಳ್ಳುತ್ತ ಬೆಳೆಯುವ ಬಗೆ ಇಂದಿಗೂ ಹೊಸದಾಗಿ ಕೇಳುತ್ತದೆ. ನನ್ನ ಮೆಚ್ಚಿನ ಆಲ್ಬಂಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನ.

ಅದರ ಪಕ್ಕದಲ್ಲಿ ‘ಕಿನ್ಸ್‌ಮೆನ್’ (2008) ಇದೆ. ಇದರಲ್ಲಿ ಕದ್ರಿಯವರ ಜತೆ ನುಡಿಸಿದವರು ರುದ್ರೇಶ ಮಹಾಂತಪ್ಪ, ಅಮೆರಿಕದಲ್ಲಿ ಬೆಳೆದ ಕನ್ನಡ ಕುಟುಂಬದ ಹುಡುಗ. ಕಲಬುರಗಿಯ ಯಾವ ಓಣಿಯಲ್ಲೂ ಕೇಳಸಿಗುವಂಥ ಹೆಸರು. ಚಾರ್ಲಿ ಪಾರ್ಕರ್ ಅವರನ್ನು ಆರಾಧಿಸುತ್ತ ಜಾಝ್ ಕಲಿಯುತ್ತಿದ್ದ ಅವರಿಗೆ ಅಣ್ಣ ತಮಾಷೆಗೆಂದು ಕದ್ರಿಯವರ ಆಲ್ಬಂ ಉಡುಗೊರೆ ಕೊಟ್ಟರಂತೆ. ಆ ಉಡುಗೊರೆ ಅವರ ಸಂಗೀತದ ದಾರಿಯನ್ನೇ ತಿರುಗಿಸಿತು. ‘ನೀವು ಇಂಡಿಯನ್ ಭಾಷೆ ಮಾತಾಡುತ್ತೀರಾ’ ಎಂದು ಅಮೆರಿಕದಲ್ಲಿ ಕೇಳುವವರಿಗೆ ಉತ್ತರವಾಗಿ ಅವರು 2004ರಲ್ಲಿ ‘ಮದರ್ ಟಂಗ್’ ಆಲ್ಬಂ ಮಾಡಿದರು. ಬೇರೆ ಬೇರೆ ಭಾಷಿಕರು ಆ ಪ್ರಶ್ನೆಗೆ ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರದ ಏರಿಳಿತವನ್ನು ಸ್ವರವಾಗಿ ಬರೆದುಕೊಂಡು, ಅದರ ಮೇಲೆ ಕೃತಿಗಳನ್ನು ಕಟ್ಟಿದರು. ಅವುಗಳಲ್ಲಿ ಒಂದರ ಹೆಸರು ‘ಕನ್ನಡ’. ಜಾಝ್ ಕಲಿಸಿದ ಕರಿಯರ ಋಣ ಮತ್ತು ತಾಯಿತಂದೆಯರ ನುಡಿಯ ಋಣ, ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ ಕಲಾವಿದನ ಕೆಲಸ ಇದು.

ನಮ್ಮ ಅಂಗಳದ ಲೆಕ್ಕ

ನ್ಯೂ ಆರ್ಲಿಯನ್ಸ್‌ನ ಋಣದ ಬಗ್ಗೆ ಮಾತಾಡುವವರು ತಮ್ಮ ಓಣಿಯ ಹಲಗೆಯ ಸದ್ದಿಗೆ ಕಿವುಡಾಗಬಾರದು. ನಮ್ಮ ಮದುವೆ, ಜಾತ್ರೆ, ಮೊಹರಂ, ಮಣ್ಣು ಯಾವುದೂ ಹಲಗೆ ಇಲ್ಲದೆ, ಸನಾದಿ ಇಲ್ಲದೆ ನಡೆದಿಲ್ಲ. ಹಲಗೆ ಬಾರಿಸಿದವರು ದಲಿತರು. ಸನಾದಿ ಊದಿದವರು ಭಜಂತ್ರಿ ಮನೆತನಗಳವರು. ಅವರ ನಾದ ಊರ ಒಳಗೆ ಬೇಕಾಗಿತ್ತು, ಅವರು ಮಾತ್ರ ಹೊರಗೆ ನಿಲ್ಲಬೇಕಾಗಿತ್ತು. 1977ರ ‘ಸನಾದಿ ಅಪ್ಪಣ್ಣ’ ಚಿತ್ರ ಅಂಥ ಒಬ್ಬ ಕಲಾವಿದನ ಬದುಕನ್ನು ಕನ್ನಡಿಗರೆದುರು ಇಟ್ಟಿತು. ಚಿತ್ರಕ್ಕಾಗಿ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಸಿನಿಮಾ ನೋಡಿ ಕಣ್ಣು ಒರೆಸಿಕೊಂಡ ನಮಗೆ ನಮ್ಮೂರಿನ ಸನಾದಿಯವರ ಹೆಸರು ಗೊತ್ತಿದೆಯೇ?

ಋಣ ನೆನೆಯುವ ಒಳ್ಳೆಯ ಪದ್ಧತಿಯೂ ಈ ನೆಲದಲ್ಲಿ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಮಹಾಂತನ ಅಂಕಿತದಲ್ಲಿ ಮುಗಿಯುತ್ತವೆ. ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಬ, ತೆಲುಗಬಾಳ ರೇವಪ್ಪ ಹೀಗೆ ಬೇರೆ ಬೇರೆ ಜಾತಿ, ಧರ್ಮಗಳಿಂದ ಬಂದವರು ಆ ಪರಂಪರೆಯಲ್ಲಿ ಪದ ಕಟ್ಟಿದರು. ಊರಿನ ಹೆಸರು, ಗುರುವಿನ ಸ್ಮರಣೆ, ಕಟ್ಟಿದವರ ಗುರುತು ಎಲ್ಲವನ್ನೂ ಹಾಡುಗಾರ ಹಾಡಿನ ಜತೆಗೇ ದಾಟಿಸುತ್ತ ಬಂದ. ಎಷ್ಟು ಜನ ಹಾಡಿದರೂ, ಎಷ್ಟು ಧಾಟಿ ಬದಲಾದರೂ ಅಂಕಿತ ಅಳಿಯಲಿಲ್ಲ. ಹಂಚಿಕೊಳ್ಳುವುದು ಮತ್ತು ನೆನೆಯುವುದು ಒಂದಕ್ಕೊಂದು ವಿರೋಧವಲ್ಲ ಎಂದು ಆ ಪದಗಳು ಇನ್ನೂರು ವರ್ಷಗಳಿಂದ ತೋರಿಸಿಕೊಡುತ್ತಿವೆ.

ಹಾಗಾದರೆ ಆಲ್ಬಂ ಹಂಚಿಕೊಳ್ಳುವುದು ಹೇಗೆ? ಯಾರಿಗಾದರೂ ‘ಇದನ್ನ ಕೇಳ್ರಿ’ ಎಂದು ಕೊಡುವಾಗ ಮೂರು ಸಂಗತಿ ಸೇರಿಸಿ ಹೇಳಬೇಕು: ನುಡಿಸಿದವರು ಯಾರು, ಅವರು ಯಾರಿಂದ ಕಲಿತರು, ಅದು ಹುಟ್ಟಿದಾಗ ಅವರ ಸುತ್ತ ಏನು ನಡೆಯುತ್ತಿತ್ತು. ‘ಕೈಂಡ್ ಆಫ್ ಬ್ಲೂ’ ಕೊಡುವಾಗ ಕೋಲ್ಟ್ರೇನ್, ಕ್ಯಾನನ್‌ಬಾಲ್ ಆಡರ್ಲಿ, ಬಿಲ್ ಇವಾನ್ಸ್, ವಿಂಟನ್ ಕೆಲಿ, ಪಾಲ್ ಚೇಂಬರ್ಸ್, ಜಿಮ್ಮಿ ಕಾಬ್ ಎಂದು ಜತೆಗಾರರನ್ನೂ ಹೆಸರಿಸಿ. ಮ್ಯಾಕ್ಸ್ ರೋಚ್ ಅವರ ‘ವಿ ಇನ್ಸಿಸ್ಟ್!’ (1960) ಕೊಡುವಾಗ ಅದರ ಹೊದಿಕೆಯ ಚಿತ್ರ ತೋರಿಸಿ. ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯಲ್ಲಿ ಕರಿಯ ತರುಣರು ಧರಣಿ ಕೂತ ದೃಶ್ಯ ಅದು. ‘ಎ ಲವ್ ಸುಪ್ರೀಮ್’ ಕೊಡುವಾಗ, ಅದನ್ನು ದೇವರಿಗೆ ಅರ್ಪಿಸಿದ ಕೋಲ್ಟ್ರೇನ್ ರವಿಶಂಕರ್ ಅವರ ಮೇಲಿನ ಗೌರವದಿಂದ ಮಗನಿಗೆ ರವಿ ಎಂದು ಹೆಸರಿಟ್ಟದ್ದನ್ನೂ ಹೇಳಿ. ಋಣದ ದಾರಿ ಎರಡೂ ಕಡೆ ಸಾಗುತ್ತದೆ ಎಂದು ಕೇಳುವವರಿಗೆ ಆಗ ತಿಳಿಯುತ್ತದೆ.

ಅದೇ ಶಿಸ್ತು ಮನೆಯ ಹತ್ತಿರವೂ ಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಮೊಹರಂನಲ್ಲಿ ರಿವಾಯತ್ ಪದವನ್ನೋ, ಜಾತ್ರೆಯಲ್ಲಿ ಹಲಗೆಯನ್ನೋ, ಕಮಲಾಪುರದ ಕಡೆಯ ಹಳ್ಳಿಯ ಭಜನೆಯನ್ನೋ ಚಿತ್ರೀಕರಿಸುವ ಹುಡುಗರು ಹಾಡಿದವರನ್ನು ಮಾತಾಡಿಸಿ, ಒಪ್ಪಿಗೆ ಪಡೆದು, ಅವರ ಹೆಸರು, ಊರು, ಕಲಿಸಿದವರ ಹೆಸರು, ತಾರೀಖು ಇಷ್ಟನ್ನು ಬರೆದಿಡಲಿ. ಅದರಿಂದ ಗಳಿಕೆ ಬಂದರೆ ಪಾಲು ಅವರಿಗೂ ಸೇರಲಿ. ಬಡ್ಡಿ ಬೋಲ್ಡನ್ ಕಾಲದಲ್ಲಿ ಧ್ವನಿ ಹಿಡಿಯುವ ಯಂತ್ರ ಕೆಲವೇ ಕಂಪನಿಗಳ ಕೈಯಲ್ಲಿತ್ತು, ಅವು ಯಾರ ಮುಂದೆ ಅದನ್ನಿಟ್ಟವೋ ಅವರದೇ ಚರಿತ್ರೆಯಾಯಿತು. ಇಂದು ಆ ಯಂತ್ರ ನಮ್ಮ ಕಿಸೆಯಲ್ಲಿದೆ, ನಮ್ಮ ಕಡೆಯ ಕಲಾವಿದರ ಹೆಸರು ಅಳಿದುಹೋದರೆ ದೂರಲು ಯಾವ ಕಂಪನಿಯೂ ಸಿಗುವುದಿಲ್ಲ. ಜಾಝ್ ಬೇರಿನ ಚರ್ಚೆ ಕಲಬುರಗಿಯ ಕೇಳುಗರಿಗೆ ಕಲಿಸಬೇಕಾದ ಪಾಠ ಇದು, ಇದನ್ನು ಕಲಿಯಲು ಈ ವರ್ಷದ ಜಾತ್ರೆ ಸಾಕು.